ತಂಗಡಿ ಕಾಯಿ ಕಟ್ಟದ ವರ್ಷ

ರಾಯಚೂರಿನ ನಮ್ಮ ಓಣಿಯಲ್ಲಿ ಮನೆ ಮುಂದೆ ತಂಗಡಿ ಗಿಡ ಬೆಳೆಸಿರುವವಳು ನಾನೊಬ್ಬಳೇ. ಉಳಿದವರ ಅಂಗಳದಲ್ಲಿ ಗುಲಾಬಿ ಇದೆ, ಕುಂಡಗಳಲ್ಲಿ ಹೆಸರು ಗೊತ್ತಿಲ್ಲದ ಎಲೆಗಿಡಗಳಿವೆ, ಬೇಸಿಗೆ ಬಂದರೆ ಅವಕ್ಕೆ ನೆರಳು ಮಾಡುವ ಹಸಿರು ಪರದೆಯೂ ಇದೆ. ನನ್ನ ಗೇಟಿನ ಎರಡೂ ಬದಿಗೆ ಮಾತ್ರ, ಹೊಲದ ಬದುವಿನಲ್ಲಿ, ರಸ್ತೆಯ ಅಂಚಿನಲ್ಲಿ ಯಾರೂ ಕೇಳದೆ ಬೆಳೆಯುವ ಈ ಹಳದಿ ಹೂವಿನ ಗಿಡಗಳು ಎದೆಯೆತ್ತರಕ್ಕೆ ನಿಂತಿವೆ. ಏಪ್ರಿಲ್ ತಿಂಗಳಲ್ಲಿ ನಲ್ಲಿಗೆ ನೀರು ಬಾರದೆ ಓಣಿಯೆಲ್ಲ ಟ್ಯಾಂಕರಿನ ದಾರಿ ಕಾಯುವಾಗಲೂ ಇವು ನನ್ನಿಂದ ಒಂದು ತಂಬಿಗೆ ನೀರು ಕೇಳುವುದಿಲ್ಲ. ಪೋರ್ಟಿಕೋದ ಛಾವಣಿಯ ಕೆಳಗೆ ಒಂದು ಸತ್ತ ಬೇವಿನ ಕೊರಡನ್ನು ತಂತಿ ಕಟ್ಟಿ ತೂಗುಬಿಟ್ಟಿದ್ದೇನೆ. ಅದರ ತುಂಬ ಬೆರಳು ಹೋಗುವಷ್ಟು ಗಾತ್ರದ ದುಂಡನೆಯ ತೂತುಗಳು. ಹೊಸದಾಗಿ ಬಾಡಿಗೆಗೆ ಬಂದವರು ಮೊದಲ ವಾರದಲ್ಲೇ ಕೇಳಿಬಿಡುತ್ತಾರೆ.

"ಆಂಟಿ, ಇದು ಅಡವಿ ಗಿಡ ಅಲ್ಲೇನ್ರಿ? ಕೀಳಿಸಿಬಿಡ್ರಲ್ಲ, ಹುಳ ಬರ್ತಾವ."

"ಹುಳ ಬರ್ಲಿ ಅಂತಾನೇ ಹಚ್ಚೀನಿ, ತಂಗಿ."

ಅವರು ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ ನಕ್ಕು ಹೋಗುತ್ತಾರೆ. ವಯಸ್ಸಾದವರಿಗೆ ಒಂದಿಷ್ಟು ಹುಚ್ಚು ಇರಬಹುದು ಎಂದು ಜನ ಧಾರಾಳವಾಗಿ ಬಿಟ್ಟುಬಿಡುವುದು ಈ ವಯಸ್ಸಿನ ದೊಡ್ಡ ಅನುಕೂಲ. ಆದರೆ ಇದು ವಯಸ್ಸಿನ ಜೊತೆ ಬಂದ ಹುಚ್ಚಲ್ಲ. ಒಂಬತ್ತನೆಯ ವಯಸ್ಸಿನಲ್ಲಿ, ದೇವದುರ್ಗದ ಮನೆಯಲ್ಲಿ, ನಾನು ಮಾಡಿದ ಒಂದು ಕೆಲಸದಿಂದ ಬಂದದ್ದು. ಆ ಕೆಲಸವನ್ನು ನಾನು ಕೆಟ್ಟ ಬುದ್ಧಿಯಿಂದ ಮಾಡಿರಲಿಲ್ಲ. ಬಹಳ ಶ್ರದ್ಧೆಯಿಂದ ಮಾಡಿದ್ದೆ. ನನಗೆ ಇವತ್ತಿಗೂ ಸಿಟ್ಟು ಬರುವುದು ಅದಕ್ಕೇ.

ಅಪ್ಪ ಮಾನ್ವಿಯ ಒಂದು ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದ. ತಮ್ಮ ಹುಟ್ಟಿದ ಮೇಲೆ ಅವ್ವನಿಗೆ ಆರೋಗ್ಯ ಸರಿಹೋಗಲಿಲ್ಲವೆಂದು ನನ್ನನ್ನು ಕೆಲವು ದಿನಕ್ಕೆಂದು ದೇವದುರ್ಗಕ್ಕೆ ತಂದು ಬಿಟ್ಟರು. ಆ ಕೆಲವು ದಿನ ಏಳು ವರ್ಷವಾಯಿತು. ಅಲ್ಲಿ ಅಪ್ಪನ ತಾಯಿ ಇದ್ದಳು, ನಾವು ಅವಳನ್ನು ಆಯಿ ಎನ್ನುತ್ತಿದ್ದೆವು. ಅಪ್ಪನ ಅಣ್ಣ ಇದ್ದ, ದೊಡ್ಡಪ್ಪ. ಅವನು ಇದ್ದರೂ ಹೊಲದಲ್ಲೇ ಇರುತ್ತಿದ್ದ. ಮತ್ತು ಅವನ ಹೆಂಡತಿ ಗಂಗವ್ವ, ನನ್ನ ದೊಡ್ಡವ್ವ. ನನ್ನ ತಲೆ ಬಾಚಿದವಳು, ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಿದವಳು, ರೊಟ್ಟಿಯ ತೆಳುವಾದ ಹಪ್ಪಳದಂಥ ಪದರನ್ನು ಬಿಡಿಸಿ ಮೊದಲು ನನ್ನ ತಾಟಿಗೆ ಹಾಕಿದವಳು ಅವಳೇ. ಅವಳಿಗೆ ಮಕ್ಕಳಿರಲಿಲ್ಲ. ಆ ಮಾತನ್ನು ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ, ಆಡದಿರುವುದೇ ಎಲ್ಲರಿಗೂ ಗೊತ್ತಾಗುತ್ತಿತ್ತು.

ಅದು ಮಾಳಿಗೆಯ ಮನೆ. ಮಣ್ಣಿನ ಗೋಡೆ ಎರಡು ಮೊಳ ದಪ್ಪ, ಮೇಲೆ ಮಣ್ಣು ಹಾಕಿದ ಛಾವಣಿ, ಅದನ್ನು ಹೊತ್ತ ಬೇವಿನ ತೊಲೆಗಳು. ಅಡುಗೆಮನೆಗೆ ಕಿಟಕಿ ಇರಲಿಲ್ಲ. ಛಾವಣಿಯ ಬೆಳಕಿಂಡಿಯಿಂದ ಇಳಿದ ಬಿಸಿಲು ಒಲೆಯಿಂದ ಬೀಸುಕಲ್ಲಿನವರೆಗೆ ನಡೆದು ಹೋಗುವಷ್ಟರಲ್ಲಿ ಮಧ್ಯಾಹ್ನದ ಅಡುಗೆ ಮುಗಿಯಬೇಕಿತ್ತು. ಪಡಸಾಲೆಯ ಒಂದು ಮೂಲೆ ಆಯಿಯದು. ಬೆಳಿಗ್ಗೆ ಸ್ನಾನ ಮಾಡಿ, ಹಣೆ ತುಂಬ ವಿಭೂತಿ ಧರಿಸಿ, ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಅವಳು ಪೂಜೆಗೆ ಕೂತರೆ ಬೆಕ್ಕು ಕೂಡ ಸುತ್ತು ಹಾಕಿ ಹೋಗುತ್ತಿತ್ತು. ಪೂಜೆಗೆ ಹೂವು ತರುವುದು ನನ್ನ ಪಾಲಿನ ಕೆಲಸ. ಅದು ಹಿತ್ತಲಿನ ತಂಗಡಿ ಹೂವೇ. ಮಲ್ಲಿಗೆ ಬೆಳೆಯುವಷ್ಟು ನೀರು ಯಾರ ಮನೆಯಲ್ಲಿತ್ತು? ಕೃಷ್ಣೆ ಅಷ್ಟು ಹತ್ತಿರದಲ್ಲಿ ಹರಿದರೂ ನಮ್ಮ ಹಿತ್ತಲಿಗೆ ಬಂದವಳಲ್ಲ. ಕುಡಿಯುವ ನೀರು ಬಾವಿಯಿಂದ ತಲೆಯ ಮೇಲೆ ಬರುತ್ತಿತ್ತು. ಪಾತ್ರೆ ತೊಳೆದ ನೀರು ಬದನೆ ಗಿಡಕ್ಕೆ, ಮೈ ತೊಳೆದ ನೀರು ನುಗ್ಗೆಗೆ. ತಂಗಡಿಗೆ ಏನೂ ಇಲ್ಲ.

ಆ ತಂಗಡಿ ದೊಡ್ಡವ್ವನದು. ಮದುವೆಯಾಗಿ ಬರುವಾಗ ತವರೂರು ನೀರಮಾನ್ವಿಯಿಂದ ಸೆರಗಿನ ತುದಿಗೆ ಕಟ್ಟಿಕೊಂಡು ತಂದ ಬೀಜವಂತೆ. ಸುಮ್ಮನೆ ಚೆಲ್ಲಿದರೆ ಆ ಬೀಜ ಹುಟ್ಟುವುದಿಲ್ಲ, ಸಿಪ್ಪೆ ಅಷ್ಟು ಗಟ್ಟಿ. ಅವಳು ಒಂದೊಂದೇ ಬೀಜವನ್ನು ಖಾರ ಅರೆಯುವ ಕಲ್ಲಿನ ಹಿಂಬದಿಗೆ ನಾಲ್ಕು ಸಲ ಉಜ್ಜಿ, ಒಂದು ಇಡೀ ದಿನ ಉಗುರು ಬೆಚ್ಚಗಿನ ನೀರಿನಲ್ಲಿ ನೆನೆಸಿ, ಮುಂಗಾರಿನ ಎರಡನೆಯ ಮಳೆ ಬಿದ್ದ ಮೇಲೆ ಹಿತ್ತಲಿನ ಕಲ್ಲುನೆಲದಲ್ಲಿ ಹಾಕುತ್ತಿದ್ದಳು. ಕರಿಮಣ್ಣು ಇದ್ದ ಜಾಗವನ್ನು ಬೇಕೆಂದೇ ಬಿಡುತ್ತಿದ್ದಳು. ಮೊದಲ ವರ್ಷ ಹೋದಾಗ ಬಂದಾಗ ಒಂದು ಬೊಗಸೆ ನೀರು. ಆಮೇಲೆ ನಾನು ಕನಿಕರದಿಂದ ತಂಬಿಗೆ ಹಿಡಿದು ಹೋದರೆ ತಡೆಯುತ್ತಿದ್ದಳು.

"ಬ್ಯಾಡವ್ವಾ. ಕುಡಿಯೋ ರೂಢಿ ಹಚ್ಚಿದ್ರ ಬ್ಯಾಸಿಗ್ಯಾಗ ಸಾಯ್ತದ. ಅದರ ಬೇರಿಗಿ ನೀರು ಎಲ್ಲಿರ್ತದ ಅಂತ ಗೊತ್ತದ."

ಹಿತ್ತಲಿನ ಬೇಲಿಯ ಗುಂಟ ಹತ್ತು ಹನ್ನೆರಡು ಗಿಡಗಳಿದ್ದವು. ಆಡು ಮುಟ್ಟುವುದಿಲ್ಲ, ದನ ಮೂಸಿ ಮುಂದೆ ಹೋಗುತ್ತದೆ, ಹಾಗಾಗಿ ಊರಿನವರು ಬದುವಿಗೆ ಹಾಕಲು ಅವಳ ಹತ್ತಿರ ಬೀಜ ಕೇಳಿಕೊಂಡು ಬರುತ್ತಿದ್ದರು. ಚಂದ್ರಬಂಡದಿಂದ ದೊಡ್ಡಪ್ಪನ ನೆಂಟರು ಕೂಡ ಒಮ್ಮೆ ಬಂದು ಒಂದು ಸೇರು ಕಾಯಿ ಕಟ್ಟಿಸಿಕೊಂಡು ಹೋದರು. ಬೀಜ ಬೇರೆ ಕಡೆಯೂ ಸಿಗುತ್ತಿತ್ತು. ಬರುತ್ತಿದ್ದದ್ದು ಅವಳ ಕೈಯಿಂದ ಬೇಕೆಂದು. ಗಂಗವ್ವನ ಕೈ ಚೊಲೊ ಎನ್ನುವ ಮಾತು ಓಣಿಯಲ್ಲಿ ಇತ್ತು, ಅದನ್ನು ಹೆಚ್ಚು ಹೇಳುತ್ತಿದ್ದವಳು ಸ್ವತಃ ಆಯಿ.

"ಒಣಗಿದ ಕಡ್ಡಿ ಕೊಡ್ರಿ, ನಮ್ಮ ಗಂಗಿ ಕೈಯಾಗ ಚಿಗೀತದ."

ಇದು ಬರೀ ಹೊಗಳಿಕೆ ಎಂದು ನಾನು ತಿಳಿದಿದ್ದೆ. ಅದು ದೊಡ್ಡವ್ವನಿಗೆ ಆ ಮನೆಯಲ್ಲಿ, ಆ ಓಣಿಯಲ್ಲಿ ನಿಲ್ಲಲು ಇದ್ದ ಜಾಗ ಎಂದು ತಿಳಿಯುವ ವಯಸ್ಸಲ್ಲ. ಮಕ್ಕಳಿಲ್ಲದ ಹೆಂಗಸರನ್ನು ಬಸುರಿಯ ಉಡಿ ತುಂಬುವಾಗ, ತೊಟ್ಟಿಲಿಗೆ ಕೂಸು ಹಾಕುವಾಗ ಬೇರೆ ಮನೆಗಳಲ್ಲಿ ಮೆಲ್ಲಗೆ ಹಿಂದಕ್ಕೆ ಸರಿಸುತ್ತಿದ್ದರು. ಒಳಗೆ ಹಾಲು ಉಕ್ಕುತ್ತದೇನೋ ನೋಡವ್ವಾ ಎಂದು ಒಂದು ನೆಪ ಹೇಳಿದರೆ ಸಾಕು, ಅವರಿಗೇ ಗೊತ್ತಾಗುತ್ತಿತ್ತು. ದೊಡ್ಡವ್ವನಿಗೆ ಯಾರೂ ಆ ನೆಪ ಹೇಳಿರಲಿಲ್ಲ. ಬಿತ್ತನೆಯ ದಿನ ಕೂರಿಗೆಯ ಬಟ್ಟಲಿಗೆ ಮೊದಲ ಹಿಡಿ ಕಾಳು ಅವಳದೇ. ಓಣಿಯ ಬಸುರಿಯರ ಮಡಿಲಿಗೆ ಮೊದಲ ಅಕ್ಕಿಯೂ ಅವಳದೇ.

ಇನ್ನು ದುಂಬಿಗಳ ಮಾತು. ನಮ್ಮ ಕಡೆ ಅದನ್ನು ಗುಂಗಿಹುಳ ಎನ್ನುತ್ತಾರೆ. ಹೆಬ್ಬೆರಳ ಗಾತ್ರ, ಕಡುಗಪ್ಪು ಮೈ, ಬಿಸಿಲಿಗೆ ನೀಲಿ ಹೊಳೆಯುವ ರೆಕ್ಕೆ. ಅವು ನಮ್ಮ ಪಡಸಾಲೆಯ ತೊಲೆಗಳಲ್ಲಿ ತೂತು ಕೊರೆದು ಸಂಸಾರ ಮಾಡಿಕೊಂಡಿದ್ದವು. ಕೊರೆಯುವ ಕಾಲಕ್ಕೆ ಕೆಳಗೆ ಕೂತವರ ತಲೆಯ ಮೇಲೆ ಜೋಳದ ಹಿಟ್ಟಿನಂಥ ಪುಡಿ ಉದುರುತ್ತಿತ್ತು. ಒಮ್ಮೆ ಆಯಿಯ ಲಿಂಗದ ಮೇಲೆಯೇ ಉದುರಿ ಅವಳು ಪೂಜೆಯನ್ನು ಮೊದಲಿನಿಂದ ಮಾಡಬೇಕಾಯಿತು. ಮನೆ ಬೀಳಿಸುತ್ತವೆ ಎಂದು ಆಯಿ ಅವನ್ನು ವರ್ಷವಿಡೀ ಬೈಯುತ್ತಿದ್ದಳು, ದಸರೆಗೆ ಮುಂಚೆ ಮನೆ ಸಾರಿಸಿ ಸುಣ್ಣ ಬಳಿಯುವಾಗ ಸಗಣಿ ಮತ್ತು ಕೆಮ್ಮಣ್ಣು ಕಲಸಿ ಎಲ್ಲ ತೂತುಗಳನ್ನು ಮುಚ್ಚಿಸುತ್ತಿದ್ದಳು. ಮೂರು ದಿನದೊಳಗೆ ದುಂಬಿಗಳು ಆ ಸಗಣಿಯನ್ನು ಕೆರೆದು ನೂಕಿ ಹೊರಗೆ ಬರುತ್ತಿದ್ದವು. ಮರುವರ್ಷ ಮತ್ತೆ ಸಗಣಿ, ಮತ್ತೆ ಮೂರು ದಿನ. ಹಬ್ಬಕ್ಕೆ ಮನೆ ಸ್ವಚ್ಛವಾಯಿತು ಎಂದು ಆಯಿಗೆ ಸಮಾಧಾನ, ದುಂಬಿಗಳಿಗೂ ಹೆಚ್ಚೇನೂ ತೊಂದರೆಯಿಲ್ಲ. ಎಷ್ಟು ಕಾಲದಿಂದ ಹೀಗೆ ನಡೆದಿತ್ತೋ. ಅದು ಹಾಗೆ ನಡೆಯಬೇಕಾದದ್ದೇ ಎಂದು ಈಗ ಅನಿಸುತ್ತದೆ. ಆಗ ನನಗೆ ಕಂಡದ್ದು ದೊಡ್ಡವರ ದಡ್ಡತನ.

ಆ ವರ್ಷ ತೂತು ಮುಚ್ಚುವ ಕೆಲಸ ನನಗೆ ಬಂತು. ಒಂಬತ್ತು ವರ್ಷದ ನಾನು ಜಾಣೆ ಎನ್ನಿಸಿಕೊಳ್ಳಲು ಏನು ಬೇಕಾದರೂ ಮಾಡುವ ಹುಡುಗಿಯಾಗಿದ್ದೆ. ತಂದೆತಾಯಿ ಬೇರೆ ಊರಲ್ಲಿ ಬಿಟ್ಟ ಮಕ್ಕಳಿಗೆ ಆ ಆಸೆ ಸ್ವಲ್ಪ ಜಾಸ್ತಿ. ಬಚ್ಚಲಿನ ಕಟ್ಟೆ ರಿಪೇರಿ ಮಾಡಿದ ಗೌಂಡಿ ಅರ್ಧ ಚೀಲ ಸಿಮೆಂಟ್ ಬಿಟ್ಟು ಹೋಗಿದ್ದ. ಸಗಣಿಯನ್ನು ಹುಳ ಕೆರೆದು ತೆಗೆದರೆ ಸಿಮೆಂಟನ್ನು ಹೇಗೆ ತೆಗೆದೀತು? ಬಿಸಿಲೇರುವ ಮುಂಚೆ, ದುಂಬಿಗಳು ಇನ್ನೂ ಹೊರಬೀಳದ ಹೊತ್ತಿನಲ್ಲಿ, ಏಣಿ ಹಾಕಿಕೊಂಡು ಹತ್ತಿದೆ. ಒಳಗಿನಿಂದ ಸಣ್ಣಗೆ ಗುಂಯ್ ಎನ್ನುವುದು ಕೇಳುತ್ತಿತ್ತು. ಕಲಸಿದ ಸಿಮೆಂಟನ್ನು ಬೆರಳಿನಿಂದ ಒತ್ತಿ ಒತ್ತಿ ತುಂಬಿ, ಮೇಲೆ ನುಣ್ಣಗೆ ಸವರಿ, ಅದರ ಮೇಲೆ ಸುಣ್ಣ ಹಚ್ಚಿದೆ. ಒಂದನ್ನೂ ಬಿಡಲಿಲ್ಲ. ನಾಲ್ಕನೆಯ ದಿನವೂ ತೊಲೆಯಿಂದ ಏನೂ ಉದುರದಿದ್ದಾಗ ಆಯಿ ಮೇಲೆ ನೋಡಿ, ಬಂದವರನ್ನೆಲ್ಲ ಕರೆದು ತೋರಿಸಿದಳು.

"ನಮ್ಮ ಮೊಮ್ಮಗಳು ಮಾಡ್ಯಾಳ ನೋಡ್ರಿ. ಇಷ್ಟು ವರ್ಷ ನಮಗ ಬುದ್ಧಿ ಓಡಿರ್ಲಿಲ್ಲ."

ದೊಡ್ಡವ್ವ ಮಾತ್ರ ತೊಲೆಯನ್ನು ಸ್ವಲ್ಪ ಹೊತ್ತು ನೋಡಿದಳು. ಏನೋ ಕೇಳುವವಳಂತೆ ನನ್ನ ಕಡೆ ತಿರುಗಿದವಳು, ಆಯಿ ನನ್ನ ಗಲ್ಲ ಹಿಡಿದು ಮುದ್ದಿಸುತ್ತಿದ್ದುದನ್ನು ಕಂಡು ಒಳಗೆ ಹೋದಳು. ನಾನು ಆ ಹೊಗಳಿಕೆಯನ್ನು ಹಬ್ಬ ಮುಗಿಯುವವರೆಗೆ ಉಂಡೆ.

ತಂಗಡಿ ಆ ಸಲ ಹಿಂದೆಂದೂ ಬಿಡದಷ್ಟು ಹೂವು ಬಿಟ್ಟಿತ್ತು. ಬೇಲಿ ಪೂರ್ತಿ ಹಳದಿ. ಹೂವು ಬಿರಿದವು, ಎರಡು ದಿನ ನಿಂತವು, ತೊಟ್ಟಿನ ಸಮೇತ ಉದುರಿದವು. ಮತ್ತೆ ಹೊಸ ಹೂವು, ಮತ್ತೆ ಉದುರು. ದೀಪಾವಳಿ ಹೋಗಿ ಚಳಿ ಬಂತು. ಬೇರೆ ವರ್ಷ ಆ ಹೊತ್ತಿಗೆ ಗಾಳಿಗೆ ಗಲಗಲ ಎನ್ನುವ ಚಪ್ಪಟೆ ಕಾಯಿಗಳ ಗೊಂಚಲು ತೂಗಾಡುತ್ತಿದ್ದವು; ಈ ಸಲ ಇಡೀ ಬೇಲಿಯಲ್ಲಿ ಅಲ್ಲೊಂದು ಇಲ್ಲೊಂದು. ಬದನೆಯದೂ ಅದೇ ಕತೆ. ನೀಲಿ ಹೂವು ಬಂದದ್ದೇ ಬಂತು, ಕಾಯಿ ನಿಲ್ಲಲಿಲ್ಲ. ನಮ್ಮ ಓಣಿಯಲ್ಲಿ ಉಳಿದವರೆಲ್ಲ ಹಳೆಯ ಮಾಳಿಗೆ ಕೆಡವಿ ಸ್ಲ್ಯಾಬ್ ಹಾಕಿಸಿಕೊಂಡಿದ್ದರು. ದುಂಬಿಗೆ ಸುತ್ತಮುತ್ತ ಇದ್ದ ಮರದ ತೊಲೆಯ ಮನೆ ನಮ್ಮದೊಂದೇ ಎನ್ನುವುದು ಯಾರ ಲಕ್ಷ್ಯಕ್ಕೂ ಬರಲಿಲ್ಲ. ಬೀಜ ಕೇಳಿಕೊಂಡು ಬಂದವರಿಗೆ ದೊಡ್ಡವ್ವ ಇಲ್ಲ ಎಂದು ಹೇಳಿ ಕಳಿಸಬೇಕಾಯಿತು. ಅಂಥವರಲ್ಲಿ ಯಾರೋ ಒಬ್ಬಳು ಹೊರಗೆ ಹೋಗಿ ಏನೋ ಅಂದಿರಬೇಕು, ಅದು ತಿರುಗಿ ಆಯಿಯ ಕಿವಿಗೆ ಬಿದ್ದಿರಬೇಕು. ಒಂದು ಮಧ್ಯಾಹ್ನ ಜೋಳ ಹಸನು ಮಾಡುತ್ತ ಕೂತಿದ್ದಾಗ ಆಯಿ ತಲೆ ಎತ್ತದೆ ಹೇಳಿದಳು.

"ಗಂಗವ್ವಾ, ಇನ್ನ ಮುಂದ ಗಿಡಕ್ಕ ನೀ ಕೈ ಹಚ್ಚಬ್ಯಾಡ. ಮೈಯಾಗಿಂದು ಕೈಗಿ ಇಳದದ ಅಂತ ಕಾಣ್ತದ."

ಇಷ್ಟೇ. ಜೋರಾಗಿ ಹೇಳಲಿಲ್ಲ, ಬೈಯಲಿಲ್ಲ. ದೊಡ್ಡವ್ವ ಜೋಳದಲ್ಲಿದ್ದ ಒಂದು ಕಲ್ಲನ್ನು ಹೆಕ್ಕಿ ಪಕ್ಕಕ್ಕಿಟ್ಟಳು. "ಆತ್ರೀ ಅತ್ತಿ" ಎಂದಳು. ಮರುದಿನದಿಂದ ಅವಳು ಹಿತ್ತಲಿಗೆ ಹೋದರೂ ಬೇಲಿಯಿಂದ ದೂರ ನಡೆಯುತ್ತಿದ್ದಳು. ಬದನೆಗೆ ಪಾತ್ರೆಯ ನೀರನ್ನು ನನ್ನ ಕೈಯಿಂದ ಹಾಕಿಸಿದಳು. ಮೆಂತ್ಯದ ಮಡಿ ಮಾಡುವಾಗ ಬೀಜದ ಬಟ್ಟಲನ್ನು ನನ್ನ ಕಡೆಗೆ ನೂಕಿದಳು.

"ನೀ ಹಾಕವ್ವಾ. ನಿನ್ನ ಕೈ ಚೊಲೊ ಅದ."

ಅದೇ ತಿಂಗಳು ಅಪ್ಪನ ತಂಗಿ ಶಾಂತತ್ತೆ ಚೊಚ್ಚಲ ಬಸುರಿಯಾಗಿ ತವರಿಗೆ ಬಂದಳು. ಸಂಕ್ರಾಂತಿ ಕಳೆದ ಮೇಲೆ ಕುಬಸ ಮಾಡುವುದೆಂದಾಯಿತು. ಕುಬಸವೆಂದರೆ ನಮ್ಮ ಕಡೆಯ ಸೀಮಂತ: ಬಸುರಿಗೆ ಹಸಿರು ಸೀರೆ, ಹಸಿರು ಬಳೆ, ಹೊಸ ಕುಪ್ಪಸ, ಮತ್ತು ಮುತ್ತೈದೆಯರು ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಶಿನದ ಕೊಂಬು ಹಾಕಿ ಉಡಿ ತುಂಬುವುದು. ಯಾರು ಯಾರು ತುಂಬಬೇಕೆಂದು ಆಯಿ ಬೆರಳು ಮಡಚಿ ಎಣಿಸಿದಳು. ಐದೂ ಬೆರಳು ಮಡಚಿದ ಮೇಲೂ ದೊಡ್ಡವ್ವನ ಹೆಸರು ಬರಲಿಲ್ಲ. ಶಾಂತತ್ತೆ ಅತ್ತಿಗೆಯ ಮುಖ ನೋಡಿದಳು, ತಾಯಿಯ ಮುಖ ನೋಡಿದಳು, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಸುಮ್ಮನಾದಳು. ಅವಳದು ತಪ್ಪು ಎಂದು ನಾನು ಅನ್ನುವುದಿಲ್ಲ. ಮೊದಲ ಬಸುರಿನಲ್ಲಿ ಎಲ್ಲದಕ್ಕೂ ಹೆದರಿಕೆ.

ಕುಬಸಕ್ಕೆ ಒಂದು ವಾರ ಇರುವಾಗ ಬೀರಪ್ಪ ತಾತ ಬಂದ. ಪ್ರತಿ ಚಳಿಗಾಲ ನಮ್ಮ ಹೊಲದಲ್ಲಿ ಕುರಿ ಹಟ್ಟಿ ಹಾಕುತ್ತಿದ್ದ ಕುರಿಗಾರ ಅವನು; ಊಟಕ್ಕೆ ಮನೆಗೆ ಬರುತ್ತಿದ್ದ. ಹಿತ್ತಲಿನ ಕಟ್ಟೆಯ ಮೇಲೆ ಕೂತು ರೊಟ್ಟಿ ಮುರಿಯುತ್ತ ಬೇಲಿಯನ್ನು ನೋಡಿ, ನೀರು ಕೊಡಲು ನಿಂತ ನನ್ನನ್ನೇ ಕೇಳಿದ.

"ನಿಮ್ಮ ಗುಂಗಿಹುಳ ಎಲ್ಲಿ ಹೋದ್ವು ಬೇ? ಒಂದೂ ಕಾಣವಲ್ವಲ್ಲ."

"ಯಾಕ ತಾತ?"

"ಅದಕ್ಕಂತೀನಿ, ಕಾಯಿ ಇಲ್ಲ. ಸಣ್ಣ ಜೇನಿಗಿ ಈ ಹೂವು ಬಗ್ಗಂಗಿಲ್ಲ. ಗುಂಗಿಹುಳ ಬಂದು ಅಪ್ಪಿಕೊಂಡು ಗುಂಯ್ ಅಂತ ನಡುಗಿಸ್ಬೇಕು, ಆವಾಗ ಪುಡಿ ಉದುರ್ತದ, ಕಾಯಿ ನಿಲ್ತದ. ಬದನಿದೂ ಹಂಗೇ. ಕುರಿ ಹಿಂದ ಅಡ್ಡಾಡೋ ನನಗ ಗೊತ್ತಿರ್ಲಾರ್ದೇನು?"

ಅವನು ಉಂಡು ಕೈ ತೊಳೆದು ಹೋದ. ನಾನು ನೀರಿನ ತಂಬಿಗೆ ಹಿಡಿದು ಅಲ್ಲೇ ನಿಂತಿದ್ದೆ. ದುಂಬಿ ಹಾರುವಾಗಿನ ಸದ್ದು ಬೇರೆ, ಹೂವಿನ ಮೇಲೆ ಕೂತು ಮಾಡುವ ಸದ್ದು ಬೇರೆ ಎಂದು ನನಗೆ ಗೊತ್ತಿತ್ತು. ಪೂಜೆಯ ಹೂವು ಕೀಳುವಾಗ ದಿನವೂ ಕೇಳಿದ್ದೆ, ಹೊಟ್ಟೆಗೆಲ್ಲ ಹಳದಿ ಪುಡಿ ಮೆತ್ತಿಕೊಂಡು ಏಳುವುದನ್ನೂ ನೋಡಿದ್ದೆ. ಆ ಸದ್ದು ಹಿತ್ತಲಿನಲ್ಲಿ ಮೂರು ತಿಂಗಳಿಂದ ಇರಲಿಲ್ಲ. ಇಲ್ಲ ಎನ್ನುವುದು ಕಿವಿಗೆ ಆಗಲೇ ಬಿದ್ದಿತ್ತು, ಬುದ್ಧಿಗೆ ಈಗ ಬಿತ್ತು.

ಆ ದಿನವೇ ಹೇಳಬೇಕಿತ್ತು. ಹೇಳಲಿಲ್ಲ. ಆಯಿ ನನ್ನನ್ನು ಜಾಣೆ ಎಂದು ಊರಿಗೆಲ್ಲ ತೋರಿಸಿದ್ದು ಆ ಸಿಮೆಂಟಿಗೇ. ಅದೊಂದು ಮಾತು ಕೈಬಿಟ್ಟು ಹೋಗುತ್ತದಲ್ಲ ಎಂದು ದೊಡ್ಡವ್ವನ ಮುಖ ನೋಡುತ್ತಲೇ ಆರು ದಿನ ಕಳೆದೆ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ. ಒಮ್ಮೆ ಅವಳು ತಲೆ ಬಾಚುತ್ತಿದ್ದಾಗ, ಮುಖ ಕಾಣುವುದಿಲ್ಲವೆಂಬ ಧೈರ್ಯದಲ್ಲಿ, ಅರ್ಧ ಮಾತ್ರ ಹೇಳಿದೆ.

"ದೊಡ್ಡವ್ವ, ಹುಳ ಇಲ್ಲದ್ದಕ್ಕ ಕಾಯಿ ಬಿಟ್ಟಿಲ್ಲಂತ. ಬೀರಪ್ಪ ತಾತ ಅಂದ. ನಿನ್ನ ಕೈದ್ದಲ್ಲಂತ ಅದು."

ದೊಡ್ಡವ್ವ ಬಾಚಣಿಗೆ ಕೆಳಗಿಟ್ಟು ಕೂದಲನ್ನು ಮೂರು ಎಳೆ ಮಾಡಿಕೊಂಡಳು.

"ಬೀರಪ್ಪಣ್ಣ ಒಳ್ಳೇವ. ನನಗ ಸಮಾಧಾನ ಆಗ್ಲಿ ಅಂತ ಅಂದಿರ್ತಾನ. ನೀ ತಲಿ ಅಲ್ಲಾಡಿಸಬ್ಯಾಡ."

ಅವಳು ನಂಬಲಿಲ್ಲ. ಆಯಿ ಹೇಳಿದ್ದನ್ನು ಅವಳು ಅಷ್ಟು ಪೂರ್ತಿಯಾಗಿ ಒಪ್ಪಿಕೊಂಡುಬಿಟ್ಟಿದ್ದಳು. ಮದುವೆಯಾದ ದಿನದಿಂದ ಆ ಮಾತಿಗೆ ಕಾದಿದ್ದಳೋ ಏನೋ. ಜಡೆಯನ್ನು ಬಿಗಿಯಾಗಿ ಹೆಣೆದು, ನನ್ನ ನೆತ್ತಿಗೆ ಒಂದು ಹನಿ ಎಣ್ಣೆ ಜಾಸ್ತಿ ಹಾಕಿ ಎಬ್ಬಿಸಿದಳು.

ಕುಬಸದ ದಿನ ಪಡಸಾಲೆಯ ತುಂಬ ಹೆಂಗಸರು. ಮಾನ್ವಿಯಿಂದ ಅವ್ವ, ಅಪ್ಪ, ತಮ್ಮ ಬಂದಿದ್ದರು. ಶಾಂತತ್ತೆ ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂತಿದ್ದಳು. ಅಡುಗೆಮನೆಯಲ್ಲಿ ದೊಡ್ಡವ್ವ ಬೆಳಗಿನ ಜಾವದಿಂದ ಹೋಳಿಗೆ ಬೇಯಿಸುತ್ತಿದ್ದಳು, ಮುಖವೆಲ್ಲ ಹೊಗೆ. ಕೆಲಸವನ್ನು ನನ್ನ ಅವ್ವನಿಗೆ ಒಪ್ಪಿಸಿ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. ತುಂಬಲು ಬಂದವಳಲ್ಲ, ಹೊಸ್ತಿಲಲ್ಲಿ ನಿಂತು ನೋಡಲು ಬಂದವಳು. ಆಯಿ ತಿರುಗಿ ನೋಡಿದಳು.

"ಗಂಗವ್ವಾ, ಹಾಲು ಉಕ್ಕಾಕತ್ತದೇನು ನೋಡವ್ವಾ."

ಒಲೆಯ ಮೇಲೆ ಹಾಲು ಇರಲಿಲ್ಲ. ಹಾಲು ಆಗಲೇ ಕಾಯಿಸಿ ಇಳಿಸಿದ್ದು ಇಬ್ಬರಿಗೂ ಗೊತ್ತಿತ್ತು. ದೊಡ್ಡವ್ವ "ನೋಡ್ತೀನ್ರಿ" ಎಂದು ಒಳಗೆ ಹೋದಳು. ನಾನು ಎದ್ದೆ. ಮೂಲೆಯಲ್ಲಿದ್ದ ಏಣಿಯನ್ನು ಪಡಸಾಲೆಯ ಹೊರತುದಿಯ ತೊಲೆಗೆ ಆನಿಸಿ, ದೊಡ್ಡಪ್ಪನ ಸಾಮಾನಿನ ಡಬ್ಬಿಯಿಂದ ಒಂದು ಮೊಳೆ, ಒಂದು ಗುಂಡುಕಲ್ಲು ತಂದು ಹತ್ತಿದೆ. ಒಳಗೆ ಸೋಬಾನೆ ಹಾಡುತ್ತಿದ್ದರು, ನಾನು ಹೊಡೆಯುವುದು ಯಾರಿಗೂ ಕೇಳಲಿಲ್ಲ. ಸಿಮೆಂಟ್ ಬಹಳ ಚೆನ್ನಾಗಿ ಹಿಡಿದಿತ್ತು. ಹೆಬ್ಬೆರಳು ಜಜ್ಜಿ ರಕ್ತ ಬಂತು, ಆಮೇಲೆ ಒಂದು ಬಿರಡೆ ಸಡಿಲವಾಯಿತು. ತೂತಿನೊಳಗೆ ಕಡ್ಡಿ ಹಾಕಿ ಎಳೆದೆ. ಒಣಗಿ ಹಗುರಾದ ಒಂದು ದುಂಬಿ ಬಂತು, ಅದರ ಹಿಂದೆ ಇನ್ನೊಂದು, ಮತ್ತೆ ಗಟ್ಟಿಯಾದ ಹಳದಿ ಉಂಡೆಗಳು. ಎಲ್ಲವನ್ನೂ ಲಂಗದ ಮಡಿಲಿಗೆ ಹಾಕಿಕೊಂಡು ಇಳಿದು, ಹೆಂಗಸರ ನಡುವೆ ಹಾದು, ಆಯಿಯ ಮುಂದೆ ನಿಂತೆ.

"ಆಯಿ, ಇವನ್ನ ಕೊಂದಾಕಿ ನಾನು. ಇವು ಇಲ್ಲದ್ದಕ್ಕ ತಂಗಡಿ ಕಾಯಿ ಕಟ್ಟಿಲ್ಲ. ದೊಡ್ಡವ್ವನ ಕೈಗಿ ಏನೂ ಆಗಿಲ್ಲ."

ಹಾಡು ನಿಂತಿತು. ಬಸುರಿಯ ಮುಂದೆ, ಉಡಿ ತುಂಬುವ ಹೊತ್ತಿನಲ್ಲಿ, ಮಡಿಲಲ್ಲಿ ಸತ್ತ ಹುಳ ತುಂಬಿಕೊಂಡು ನಿಂತಿದ್ದೆ. ಎಂಥ ಅಪಶಕುನ ಮಾಡಿದೆ ಎನ್ನುವುದು ಅವರ ಮುಖ ನೋಡಿದ ಮೇಲೆ ತಿಳಿಯಿತು. ಶಾಂತತ್ತೆ ಸೆರಗಿನಿಂದ ಹೊಟ್ಟೆ ಮುಚ್ಚಿಕೊಂಡಳು. ಒಳಗಿನಿಂದ ಓಡಿ ಬಂದ ಅವ್ವ ನನ್ನ ರಟ್ಟೆ ಹಿಡಿದು ಬೆನ್ನಿಗೆ ಎರಡು ಹಾಕಿದಳು. ನನ್ನನ್ನು ಬಿಡಿಸಿಕೊಂಡವಳು ದೊಡ್ಡವ್ವ. ಅಡುಗೆಮನೆಯಿಂದ ಬಂದು, ನನ್ನನ್ನು ತನ್ನ ಹಿಂದೆ ಸರಿಸಿ, ಲಂಗದಲ್ಲಿ ಏನಿದೆ ಎಂದು ಬಗ್ಗಿ ನೋಡಿದಳು. ಈಗ ಅವಳು ನಗುತ್ತಾಳೆ, ನೋಡಿದಿರೇನ್ರಿ ಅತ್ತಿ ಎನ್ನುತ್ತಾಳೆ, ನನ್ನನ್ನು ಎತ್ತಿಕೊಳ್ಳುತ್ತಾಳೆ ಎಂದು ನಾನು ಕಾದೆ. ಅವಳು ಒಂದು ಹಳದಿ ಉಂಡೆಯನ್ನು ಎತ್ತಿಕೊಂಡು ಉಗುರಿನಿಂದ ಬಿಡಿಸಿದಳು. ಅದಕ್ಕೆ ಅಂಟಿಕೊಂಡು ಅಕ್ಕಿಕಾಳಿನಂಥ, ಒಣಗಿದ ಒಂದು ಮರಿ ಇತ್ತು.

"ಬುತ್ತಿ ಕಟ್ಟಿಟ್ಟಾಳ ನೋಡವ್ವಾ," ಎಂದಳು. "ಮರಿಗಿ ಬುತ್ತಿ ಕಟ್ಟಿಟ್ಟು ಬಾಗಿಲದಾಗ ಕುಂತಾಳ ತಾಯಿ."

ಆಮೇಲೆ ಅತ್ತಳು. ಅಷ್ಟೂ ದಿನ ತನ್ನ ಸಲುವಾಗಿ ಒಮ್ಮೆಯೂ ಅಳದವಳು ಆ ಹುಳದ ಸಲುವಾಗಿ ಎಲ್ಲರ ಎದುರಿಗೆ ನಿಂತು ಅತ್ತಳು. ನಾನು ಅವಳ ಮರ್ಯಾದೆ ಉಳಿಸಲು ತಂದದ್ದನ್ನು ಅವಳು ಆ ಲೆಕ್ಕಕ್ಕೆ ಹಿಡಿಯಲೇ ಇಲ್ಲ. ಕೊಂದೆ ಎಂದು ಬಾಯಲ್ಲಿ ಹೇಳಿದ್ದ ನನಗೆ, ಏನನ್ನು ಕೊಂದೆ ಎನ್ನುವುದು ಅವಳ ಕೈಯಲ್ಲಿದ್ದ ಮರಿಯನ್ನು ಕಂಡಾಗ ಗೊತ್ತಾಯಿತು. ಆಯಿ ಬಚ್ಚಲಿನ ಕಡೆ ಕೈ ತೋರಿಸಿದಳು.

"ಆತು, ಬಿಡು. ಕೈ ತೊಳ್ಕೊಂಡು ಬಾ. ನೀನೂ ಒಂದು ಹಿಡಿ ಹಾಕು."

ದೊಡ್ಡವ್ವ ಕಣ್ಣು ಒರೆಸಿಕೊಂಡಳು. ಅವಳು ಆಯಿಗೆ ಎದುರು ಮಾತಾಡಿದ್ದನ್ನು ಅದಕ್ಕೂ ಮೊದಲು ನಾನು ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಅದೂ ದನಿ ಏರಿಸದೆ.

"ಈಗ ನನ್ನ ಕೈ ಚೊಲೊ ಆತೇನ್ರಿ ಅತ್ತಿ?"

ಉತ್ತರಕ್ಕೆ ಕಾಯದೆ, ನನ್ನ ಮಡಿಲಿನದನ್ನು ತನ್ನ ಸೆರಗಿಗೆ ಹಾಕಿಕೊಂಡು ಹೋಗಿ ತಂಗಡಿಯ ಬುಡದಲ್ಲಿ ಇಟ್ಟು ಬಂದಳು. ಆಮೇಲೆ ಏಣಿ ಹತ್ತಿದಳು. ಒಳಗೆ ಐವರು ಮುತ್ತೈದೆಯರು ಉಡಿ ತುಂಬಿದರು, ಹಾಡು ಮುಗಿಯಿತು, ಊಟಕ್ಕೆ ಎಲೆ ಬಿತ್ತು. ಪಡಸಾಲೆಯ ಹೊರತುದಿಯಲ್ಲಿ ದೊಡ್ಡವ್ವ ಮೊಳೆ ಹೊಡೆಯುವ ಸದ್ದು ನಿಲ್ಲಲಿಲ್ಲ. ಊಟಕ್ಕೆ ಕರೆದರೆ ಹಸಿವಿಲ್ಲ ಎಂದಳು. ನಾನು ಏಣಿಯ ಬುಡ ಹಿಡಿದು ನಿಂತಿದ್ದೆ; ಸುಣ್ಣ, ಸಿಮೆಂಟು, ಒಣ ರೆಕ್ಕೆ ನನ್ನ ತಲೆಯ ಮೇಲೆ ಉದುರುತ್ತಿದ್ದವು. ಬಂದವರು ಅಡಿಕೆ ಎಲೆ ಹಾಕಿಕೊಳ್ಳುತ್ತ ನಮ್ಮನ್ನು ನೋಡದವರಂತೆ ನಡೆದು ಹೋದರು. ಆ ತೂತುಗಳಿಗೆ ಹೊಸ ದುಂಬಿಗಳು ಬಂದು ಸೇರಲು ಮತ್ತೆರಡು ಬೇಸಿಗೆ ಬೇಕಾದವು, ಬೇಲಿ ಮೊದಲಿನಂತೆ ಕಾಯಿ ಬಿಡಲು ಅದಕ್ಕೂ ಹೆಚ್ಚು. ಅವು ಬಂದೇ ಬರುತ್ತವೆಂದು ಆ ದಿನ ಯಾರಿಗೂ ಗೊತ್ತಿರಲಿಲ್ಲ, ಏಣಿಯ ಮೇಲಿದ್ದವಳಿಗೂ ಕೂಡ.

ಬಿಸಿಲು ಇಳಿಯುವ ಹೊತ್ತಿಗೆ ಎರಡು ತೂತು ಉಳಿದಿದ್ದವು. ಬಾಗಿಲಲ್ಲಿ ಬಳೆಯ ಸದ್ದಾಯಿತು. ಶಾಂತತ್ತೆ, ಅದೇ ಹಸಿರು ಸೀರೆಯಲ್ಲಿ, ಸೊಂಟಕ್ಕೆ ಕೈ ಕೊಟ್ಟುಕೊಂಡು ಮೆಲ್ಲಗೆ ನಡೆದು ಬಂದು ಏಣಿಯ ಕೆಳಗೆ ನಿಂತಳು. ತುಂಬಿದ ಉಡಿಯನ್ನು ಒಳಗೆ ಬಿಚ್ಚಿಟ್ಟು ಬಂದಿದ್ದಳು. ಬರಿದಾದ ಸೆರಗನ್ನು ಎರಡೂ ಕೈಯಿಂದ ಹಿಡಿದು ಮೇಲಿದ್ದ ಅತ್ತಿಗೆಯನ್ನು ನೋಡಿದಳು.

"ವೈನಿ, ಕೆಳಗ ಬರ್ರಿ. ನಿಂದ್ರಾಕ ಆಗವಲ್ದು ನನಗ."

ಅವಳ ಹಿಂದೆ ಆಯಿ. ಅವಳ ಕೈಯಲ್ಲಿ ಅಕ್ಕಿ ಹಾಕಿದ ಮೊರ, ಅದರ ಮೇಲೆ ಒಂದು ಕೊಬ್ಬರಿ ಬಟ್ಟಲು. ಬೇರೆಯವರು ಉಡಿ ತುಂಬುವಾಗ ಮೊರ ಹಿಡಿದು ನಿಲ್ಲುವುದು ಮನೆಯ ಸೊಸೆಯರ ಕೆಲಸ, ಅತ್ತೆಯದಲ್ಲ. ಆಯಿ ಅದನ್ನು ಹಿಡಿದುಕೊಂಡು, ನೆಲ ನೋಡುತ್ತ ನಿಂತಿದ್ದಳು. ದೊಡ್ಡವ್ವ ಬಹಳ ಹೊತ್ತು ಇಳಿಯಲಿಲ್ಲ. ಆಮೇಲೆ ಮೊಳೆಯನ್ನು ನನ್ನ ಕೈಗೆ ಕೊಟ್ಟು ಒಂದೊಂದೇ ಮೆಟ್ಟಿಲು ಇಳಿದಳು. ಅವಳ ಎರಡೂ ಅಂಗೈ ಸಿಮೆಂಟಿನ ಪುಡಿಯಿಂದ ಬೂದಿ ಬಣ್ಣವಾಗಿದ್ದವು, ಬೆರಳ ಸಂದಿಯಲ್ಲೆಲ್ಲ ಹಳದಿ.

"ಕೈ ಹೊಲಸಾಗ್ಯಾವ್ರಿ ಅತ್ತಿ. ತೊಳ್ಕೊಂಡು ಬರ್ತೀನಿ."

"ಬ್ಯಾಡ," ಎಂದಳು ಆಯಿ, ಮೊರವನ್ನು ಅವಳ ಮುಂದೆ ತಗ್ಗಿಸಿ ಹಿಡಿದು. "ಆ ಕೈಲೇ ತುಂಬು."